ಮಣ್ಣಡಿ ಮಲಗಿ ನಾಯಿ ಆರಿಸುವ ಬಿಲದಕ್ಕ

ಬೆಳಗಿನ ಐದೂವರೆ. ಹೊರಗೆ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಒಳಗೆ ಬೀಳುವ ಮಾತೇ ಇಲ್ಲ. ಒಡೆದ ಕಾಂಕ್ರೀಟು, ಬಾಗಿದ ಕಬ್ಬಿಣ, ಮುರಿದ ಬಾಗಿಲುಗಳ ರಾಶಿಯ ಕೆಳಗೆ ಒಂದು ಸಿಮೆಂಟ್ ಕೊಳವೆ. ಅದರಲ್ಲಿ ನಲವತ್ತಾರು ವರ್ಷದ ಹೆಂಗಸೊಬ್ಬರು ಮಗ್ಗುಲಾಗಿ ಮಲಗಿದ್ದಾರೆ. ತಲೆಗೆ ಹೆಲ್ಮೆಟ್, ಕೊರಳಲ್ಲಿ ಸೀಟಿ, ಎದೆಯ ಹತ್ತಿರ ವಾಕಿಟಾಕಿ, ಬಲಗೈಯಲ್ಲಿ ಗಂಟು ಹಾಕಿದ ಹಗ್ಗದ ತುಂಡು. ನಾಯಿ ಬಂದು ಹುಡುಕುವವರೆಗೆ ಸುಮ್ಮನೆ ಮಲಗಿರುವುದು ಅವರ ಕೆಲಸ.

"ಮೊದ್ಲು ಹೊರಗಿನ ಸದ್ದು ನಿಲ್ಲುತ್ತೆ. ಆಮೇಲೆ ನನ್ನ ಉಸಿರೇ ಜೋರಾಗಿ ಕೇಳಿಸುತ್ತೆ. ಅದಕ್ಕೂ ಕಿವಿ ಒಗ್ಗಿದ್ಮೇಲೆ ಏನೂ ಇಲ್ಲದ್ದು ಒಂದು ಬರುತ್ತೆ. ಅದನ್ನ ಏನಂತ ಕರೀಬೇಕೋ ನಂಗೊತ್ತಿಲ್ಲ. ಅಲ್ಲಿಗೆ ಬಂದ್ರೆ ನಾಯಿ ದೂರದಲ್ಲಿರೋವಾಗ್ಲೇ ಗೊತ್ತಾಗುತ್ತೆ" ಎನ್ನುತ್ತಾರೆ ಅವರು.

ಇವತ್ತು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಉಗುರುಗಳ ಸದ್ದು ನೇರವಾಗಿ ಬರುತ್ತದೆ, ತಲೆಯ ಮೇಲಿನ ಚಪ್ಪಡಿಯಿಂದ ಧೂಳು ಮುಖಕ್ಕೆ ಉದುರುತ್ತದೆ, ಬೊಗಳುವುದು ಶುರುವಾಗುತ್ತದೆ. ಹಲಗೆ ಸರಿಸಿದರೆ ಎದುರಿಗೆ ಜರ್ಮನ್ ಶೆಫರ್ಡ್‌ನ ಮೂತಿ. ಅವರು ಹಗ್ಗ ಕೊಡುತ್ತಾರೆ, ಅದು ಎಳೆದಾಡುತ್ತದೆ. ಸಿಕ್ಕಿದ್ದಕ್ಕೆ ಅದರ ಬಹುಮಾನ ಆ ಆಟವೇ.

"ಮೂರು ನಿಮಿಷ ನಲವತ್ತು ಸೆಕೆಂಡು!" ಎಂದು ಮೇಲಿನಿಂದ ಕೂಗುತ್ತಾರೆ ನಾಯಿಗಳಿಗೆ ತರಬೇತಿ ಕೊಡುವ ಮೇಷ್ಟ್ರು. "ನಾಳೆ ಆಯ್ಕೆ ಬರೀ ಶಾಸ್ತ್ರಕ್ಕೆ. ಇವನೇ ಬಿಡಿ, ಬಿಲದಕ್ಕ."

ಬಿಲದಕ್ಕ ತಲೆಗೂದಲ ಧೂಳು ಕೊಡವಿಕೊಳ್ಳುತ್ತಾರೆ.

ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಅದನ್ನು ಯಾರೂ ಓದುವುದಿಲ್ಲ. ಹನ್ನೊಂದು ವರ್ಷದ ಹಿಂದೆ ರಕ್ಷಣಾ ದಳದ ಈ ಮೈದಾನಕ್ಕೆ ಬಂದದ್ದು ನಾಯಿಗೂಡು ತೊಳೆಯಲು. ಒಂದು ದಿನ ಅಡಗಿ ಕೂರಬೇಕಿದ್ದವನಿಗೆ ಜ್ವರ ಬಂತು. "ಅರ್ಧ ಗಂಟೆ ಒಳಗೆ ಮಲಗ್ತೀಯೇನಮ್ಮ?" ಎಂದು ಕೇಳಿದರು. ಮಲಗಿದವರು ಇನ್ನೂ ಎದ್ದಿಲ್ಲ ಎಂದು ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ತಮಾಷೆ ಮಾಡುತ್ತಾರೆ: "ಊರೋರೆಲ್ಲ ಎದ್ದು ಕೆಲಸಕ್ಕೆ ಹೋದ್ರೆ, ನಮ್ಮನೆಯೋಳು ಎದ್ದು ಮಲಗೋಕೆ ಹೋಗ್ತಾಳೆ."

ದಿನಕ್ಕೆ ಆರು ಸಲ ಇಳಿಯಬೇಕು. ರಾಶಿಯಲ್ಲಿ ಐದು ಬಿಲಗಳಿವೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಒಳಗಿದ್ದದ್ದು ಒಂದು ಗಂಟೆ ಐವತ್ತು ನಿಮಿಷ. ಆವತ್ತು ವಾಕಿಟಾಕಿ ಸತ್ತುಹೋಗಿತ್ತು, ನಾಯಿ ದಾರಿ ತಪ್ಪಿತ್ತು. ಮೊಣಕೈ ಚರ್ಮ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿದೆ. ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಇದುವರೆಗೆ ನಲವತ್ತಮೂರು ನಾಯಿಗಳು ಅವರ ತಲೆಯ ಮೇಲೆ ಓಡಾಡಿವೆ. ಹತ್ತೊಂಬತ್ತು ಮಾತ್ರ ದಳಕ್ಕೆ ಆಯ್ಕೆಯಾಗಿವೆ.

ಯಾವ ತಳಿ ಈ ಕೆಲಸಕ್ಕೆ ಆದೀತು ಎಂಬುದನ್ನು ಮೇಲಿದ್ದವರು ಕಣ್ಣಿನಿಂದ ನೋಡುತ್ತಾರೆ. ಬಿಲದಕ್ಕ ಕೆಳಗಿನಿಂದ ಕೇಳುತ್ತಾರೆ. ಧೂಳು ಮುಷ್ಟಿಗಟ್ಟಲೆ ಉದುರಿದರೆ ನಾಯಿಯ ತೂಕ ಹೆಚ್ಚು. "ನಲವತ್ತು ಕೆಜಿ ಪೈಲ್ವಾನ ನಮ್ಗೆ ಬೇಡಪ್ಪ. ಕೆಳಗೆ ಜೀವ ಇರೋ ಕಡೆ ಅದು ಮೇಲಿಂದ ಚಪ್ಪಡಿ ಜಾರಿಸುತ್ತೆ. ಏಣಿ ಹತ್ತೋವಾಗ ಅದನ್ನ ಹೆಗಲ ಮೇಲೆ ಹೊತ್ಕೊಳ್ಳೋರು ಯಾರು?" ಮೂತಿ ಚಪ್ಪಟೆಯಾದ ನಾಯಿಗಳಿಗೆ ಬಿಸಿಲಲ್ಲಿ ಉಸಿರೇ ಸಾಲದು. ನೆಲದ ಜಾಡನ್ನೇ ಹಿಡಿದು ಹೋಗುವ ತಳಿಗಳಿಗೆ ಇಲ್ಲಿ ಜಾಡೇ ಸಿಗದು; ಕಟ್ಟಡ ಕುಸಿದಾಗ ಒಳಗಿದ್ದವರು ನಡೆದು ಹೋಗಿರುವುದಿಲ್ಲವಲ್ಲ. ಸಂದಿಯಿಂದ ಗಾಳಿಯಲ್ಲಿ ಮೇಲೇಳುವ ಮನುಷ್ಯರ ವಾಸನೆಯನ್ನು ಹಿಡಿಯುವ ಮೂಗು ಬೇಕು, ಯಜಮಾನ ಕಣ್ಣಿಗೆ ಕಾಣದಿದ್ದರೂ ಮುಂದೆ ಹೋಗುವ ಎದೆ ಬೇಕು.

ದಳದಲ್ಲಿ ಈಗ ಖಾಲಿ ಇರುವುದು ಒಂದೇ ಜಾಗ. ಎಂಟು ತಿಂಗಳಿಂದ ತಯಾರಾಗುತ್ತಿರುವ ನಾಯಿಗಳು ಮೂರು: ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮೆಲಿನೋಯ್ಸ್, ಲ್ಯಾಬ್ರಡಾರ್. ಮೇಷ್ಟ್ರಿಗೆ ಶೆಫರ್ಡ್ ಮೇಲೆ ಪ್ರಾಣ. ಬಿಲದಕ್ಕನಿಗೆ ಅದರ ಮೇಲೆಯೇ ಭಯ. ಭಯಕ್ಕೆ ಎರಡು ವರ್ಷ ವಯಸ್ಸಾಗಿದೆ.

ಆಗ ಮೂರು ಅಂತಸ್ತಿನ ಕಟ್ಟಡವೊಂದು ಕುಸಿದಿತ್ತು. ದಳ ಕರೆದೊಯ್ದದ್ದು ಬಿಲದಕ್ಕ ತಾವೇ ಮೆಚ್ಚಿ ಹೇಳಿದ್ದ ಕಪ್ಪು ಶೆಫರ್ಡನ್ನು. ನಾಯಿ ಎಲ್ಲೂ ಬೊಗಳಲಿಲ್ಲ. ಹತ್ತೊಂಬತ್ತು ಗಂಟೆಯ ಮೇಲೆ ಯಾರೋ ನಲ್ಲಿಯ ಕೊಳವೆ ತಟ್ಟುವ ಸದ್ದು ಕೇಳಿ ಬೀಗ ರಿಪೇರಿ ಮಾಡುವ ಒಬ್ಬರನ್ನು ಜೀವಂತವಾಗಿ ತೆಗೆದರು. ಪಕ್ಕದಲ್ಲಿದ್ದ ಅವರ ಅಣ್ಣ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಧೂಳು ಜಾಸ್ತಿ ಇತ್ತು, ನಾಯಿಯ ಮೂಗು ಕಟ್ಟಿತು ಎಂದು ವರದಿ ಬರೆದರು.

ಬಿಲದಕ್ಕ ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದರು. ಬೀಗದವರು ಚಾವಣಿ ನೋಡುತ್ತಾ ಮಲಗಿದ್ದರು. "ನಾಯಿ ಉಗುರಿನ ಸದ್ದು ಕೇಳಿಸ್ತು ಕಣಮ್ಮ. ಎರಡು ಸಲ. ನಮ್ಮ ಮೇಲೇ ಹಾದು ಹೋಯ್ತು. ಅಣ್ಣ, ಬಂದ್ರು ಅಂದೆ. ಅವನೂ ಹ್ಞೂಂ ಅಂದ. ಆಮೇಲೆ ಅದು ಹೋಯ್ತು" ಎಂದರು. ಬಿಲದಕ್ಕ ಮಂಚದ ಪಕ್ಕ ಎಷ್ಟು ಹೊತ್ತು ಕೂತಿದ್ದರೋ ನೆನಪಿಲ್ಲ.

ಕಾರಣ ಹೊಳೆದದ್ದು ಆರು ತಿಂಗಳ ಮೇಲೆ. ಅವರು ಗೂಡು ತೊಳೆಯುತ್ತಿದ್ದ ಒಂದು ದಿನ, ಅವರ ಬದಲು ಬಿಲದಲ್ಲಿ ಕಾವಲುಗಾರ ಮಲಗಿದ್ದ. ಕಪ್ಪು ನಾಯಿ ರಾಶಿಯನ್ನೆಲ್ಲ ಸುತ್ತಿ ಬಂದು, ಶೆಡ್ಡಿನ ಹತ್ತಿರ ಅವರು ಬಿಟ್ಟಿದ್ದ ಚಪ್ಪಲಿಯ ಮುಂದೆ ಕೂತು ಬೊಗಳಿತು. ಎಲ್ಲರೂ ನಕ್ಕರು. ಬಿಲದಕ್ಕನ ಕೈಯಿಂದ ಪೊರಕೆ ಜಾರಿತು.

"ಹನ್ನೊಂದು ವರ್ಷ ಒಳಗೆ ಮಲಗಿದ್ದು ಹೆಚ್ಚುಕಮ್ಮಿ ನಾನೊಬ್ಳೇ. ಹಗ್ಗ ಕೊಟ್ಟೋಳೂ ನಾನೇ. ಮನುಷ್ಯರನ್ನ ಹುಡುಕು ಅಂತ ನಾವು ಹೇಳ್ಕೊಟ್ವಿ ಅಂದ್ಕೊಂಡ್ವಿ. ಅದು ಕಲ್ತಿದ್ದು ನನ್ನನ್ನ ಹುಡುಕೋದನ್ನ" ಎನ್ನುತ್ತಾರೆ. ಮೇಷ್ಟ್ರು ಒಪ್ಪಲಿಲ್ಲ, ಒಂದು ನಾಯಿಯ ತಪ್ಪಿಗೆ ಪದ್ಧತಿಯನ್ನೇ ದೂರಬಾರದು ಎಂದರು. ಕಪ್ಪು ನಾಯಿಯನ್ನು ನಿವೃತ್ತಿ ಮಾಡಿದರು. ಬಿಲದಕ್ಕ ಬಾಯಿಗೆ ಬೀಗ ಹಾಕಿಕೊಂಡು ಮತ್ತೆ ಕೊಳವೆಗೆ ಇಳಿದರು. ಬೇರೆಯವರು ಮಲಗಲಿ ಎಂದರೆ ತಮ್ಮ ಅನ್ನಕ್ಕೆ ತಾವೇ ಕಲ್ಲು ಹಾಕಿಕೊಂಡಂತೆ. ಹಾಗೆ ಸುಮ್ಮನಿದ್ದ ದಿನಗಳ ಬಗ್ಗೆ ಕೇಳಿದರೆ ಅವರು ಉಗುರಿನ ಸಂದಿಯ ಮಣ್ಣು ತೆಗೆಯುತ್ತಾ ಕೂರುತ್ತಾರೆ.

ಆದರೆ ಈ ಸಲ ದಳದ ಮುಖ್ಯಸ್ಥರಾದ ಸಾಹೇಬರ ಮುಂದೆ ಹೋಗಿ ನಿಂತರು. ಆಯ್ಕೆಯ ದಿನ ನಾಯಿಗಳು ಕಂಡೇ ಇರದವರು ಒಳಗೆ ಮಲಗಬೇಕು ಎಂದರು. "ಅಂಥೋರನ್ನ ಎಲ್ಲಿಂದ ತರ್ಲಮ್ಮ? ರಸ್ತೇಲಿ ಹೋಗೋರನ್ನ ನಿಲ್ಸಿ, ಸ್ವಲ್ಪ ಹೂತ್ಕೋತೀರಾ ಅಂತ ಕೇಳ್ಲಾ?" ಎಂದರು ಸಾಹೇಬರು. "ನಾನ್ ಕರ್ಕೊಂಡ್ ಬರ್ತೀನಿ ಸರ್" ಎಂದರು ಇವರು.

ಕರೆತಂದದ್ದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿಯನ್ನು. ಆಯ್ಕೆಯ ಬೆಳಿಗ್ಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಸಿಕೊಳ್ಳುತ್ತಾ ಆಕೆ, "ಅತ್ತಿಗೆ, ನನ್ನ ಹೂಳೋಕೆ ಇಷ್ಟು ವರ್ಷ ಕಾಯ್ತಿದ್ರಾ? ನೀವು ಮದುವೆಯಾಗಿ ಬಂದ ವರ್ಷವೇ ಹೇಳಿದ್ರೆ ಬರ್ತಿದ್ನಲ್ಲ" ಎನ್ನುತ್ತಾಳೆ. ನಗುತ್ತಲೇ ಪಟ್ಟಿಯನ್ನು ಎರಡು ಸಲ ಬಿಚ್ಚಿ ಬಿಗಿಸುತ್ತಾಳೆ. "ಹೆದರಿಕೆ ಆದ್ರೆ ಸೀಟಿ ಊದು. ನಾಚ್ಕೋಬೇಡ" ಎಂದು ಬಿಲದಕ್ಕ ಹಲಗೆ ಮುಚ್ಚುತ್ತಾರೆ. ಪ್ರತಿ ಸುತ್ತಿಗೂ ಬಿಲ ಬದಲಾಗಬೇಕು ಎಂದು ಮೊದಲೇ ಮಾತಾಗಿದೆ.

ಅವರು ಹೋಗಿ ಬೇಲಿಯಾಚೆ ನೀರಿನ ತೊಟ್ಟಿಯ ಪಕ್ಕ ನಿಲ್ಲುತ್ತಾರೆ. ಹನ್ನೊಂದು ವರ್ಷದಲ್ಲಿ ನಾಯಿ ಹುಡುಕುವುದನ್ನು ಮೇಲೆ ನಿಂತು ಶುರುವಿನಿಂದ ನೋಡುತ್ತಿರುವುದು ಇದೇ ಮೊದಲು. ಇಲ್ಲಿ ಏನೂ ಕೇಳಿಸುವುದಿಲ್ಲ. ಉಗುರಿನ ಸದ್ದಿಲ್ಲ, ಉಸಿರಿಲ್ಲ. ರಾಶಿ ಬರೀ ರಾಶಿಯ ಹಾಗೆ ಬಿದ್ದಿದೆ, ಕೆಳಗೆ ಯಾರೂ ಇಲ್ಲವೇನೋ ಅನ್ನುವಂತೆ.

ಮೊದಲು ಮೆಲಿನೋಯ್ಸ್. ಬಾಣದಂತೆ ಹೋಗಿ, ನಿನ್ನೆ ಬಿಲದಕ್ಕ ಮಲಗಿದ್ದ ಖಾಲಿ ಬಿಲದ ಮುಂದೆ ಬೊಗಳುತ್ತದೆ. ಆಮೇಲೆ ಇನ್ನೊಂದು ಕಡೆ, ಆಮೇಲೆ ಸರಿಯಾದ ಕಡೆ. "ಹುಲಿ ಬಂತು ಹುಲಿ ಅಂದ ಹಾಗಾಯ್ತು. ನಿಜವಾದ ಜಾಗದಲ್ಲಿ ಮೂರು ಕಡೆ ಅಗೀತಾ ಕೂತ್ರೆ ಒಳಗಿರೋನ ಗತಿ?" ಎಂದು ಸಾಹೇಬರು ತಲೆಯಾಡಿಸುತ್ತಾರೆ.

ಎರಡನೆಯದು ಶೆಫರ್ಡ್. ರಾಶಿಯ ಮೇಲೆ ಅಚ್ಚುಕಟ್ಟಾಗಿ ನಡೆಯುತ್ತದೆ. ನಾದಿನಿ ಇರುವ ಬಿಲದ ಮೇಲೆ ನಿಲ್ಲುತ್ತದೆ. ಮೇಷ್ಟ್ರು ಕೈಗಡಿಯಾರ ನೋಡಿ ಬಾಯಿ ತೆರೆಯುತ್ತಾರೆ. ನಾಯಿ ತಲೆ ಎತ್ತಿ ಗಾಳಿ ಮೂಸುತ್ತದೆ, ಕೆಳಗಿಳಿಯುತ್ತದೆ, ಬೇಲಿಯ ಸಂದಿಯಲ್ಲಿ ನುಸುಳಿ ನೇರವಾಗಿ ನೀರಿನ ತೊಟ್ಟಿಯ ಹತ್ತಿರ ಬರುತ್ತದೆ. ಬಿಲದಕ್ಕನ ಮುಂದೆ ಕೂತು, ಬಾಲ ಆಡಿಸುತ್ತಾ, ಬೊಗಳುತ್ತದೆ.

ಬಿಲದಕ್ಕ ಮುಖ ತಿರುಗಿಸಿಕೊಂಡು ನಿಲ್ಲುತ್ತಾರೆ. ನಾಯಿ ಈಚೆ ಬಂದು ಮತ್ತೆ ಬೊಗಳುತ್ತದೆ.

ಬಿಲ ಬದಲಿಸಲು ಹಲಗೆ ತೆಗೆದಾಗ ನಾದಿನಿಯ ಮುಖದ ತುಂಬ ಧೂಳು. "ಆ ದೊಡ್ಡದು ನನ್ನ ತಲೆ ಮೇಲೇ ನಿಂತಿತ್ತು ಅತ್ತಿಗೆ. ಬಂತಲ್ಲ ಅಂತ ಕಣ್ ಮುಚ್ಕೊಂಡೆ. ಹೊರಟೇ ಹೋಯ್ತು. ಯಾಕೆ ಹೋಯ್ತು?" ಮೇಷ್ಟ್ರು ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಈ ಪ್ರಶ್ನೆ ಅವರ ಕಿವಿಗೆ ಬೀಳುತ್ತಿರುವುದು ಮೊದಲ ಸಲ.

ಉಳಿದದ್ದು ಲ್ಯಾಬ್ರಡಾರ್. ಇಪ್ಪತ್ತೊಂಬತ್ತು ಕೆಜಿ, ಕಂದು ಬಣ್ಣ, ತಿಂಡಿಪೋತ. ಅವಸರವೆಂಬುದೇ ಗೊತ್ತಿಲ್ಲ. ಐದು ನಿಮಿಷ ಆಗುತ್ತದೆ, ಎಂಟಾಗುತ್ತದೆ. ಅದೂ ಒಮ್ಮೆ ಬೇಲಿಯ ಕಡೆ ಮೂತಿ ತಿರುಗಿಸುತ್ತದೆ. ಬಿಲದಕ್ಕನ ವಾಸನೆ ಅದಕ್ಕೂ ಎಂಟು ತಿಂಗಳಿಂದ ಗೊತ್ತು. ಇದೂ ಬಂದರೆ ಕಳಿಸಲು ನಾಯಿಯೇ ಇಲ್ಲ. ಲ್ಯಾಬ್ ಒಮ್ಮೆ ಸೀನುತ್ತದೆ, ತಿರುಗುತ್ತದೆ, ಎರಡು ಚಪ್ಪಡಿಗಳ ನಡುವೆ ಮೈ ತೂರಿಸಿ ಮರೆಯಾಗುತ್ತದೆ. ಏನೂ ಇಲ್ಲ. ಹನ್ನೆರಡು. ಹದಿಮೂರು. ಬಿಲದಕ್ಕ ಬೇಲಿಯ ತಂತಿ ಹಿಡಿದಿದ್ದಾರೆ.

ಆಮೇಲೆ ನೆಲದೊಳಗಿನಿಂದ ಬೊಗಳುವ ಸದ್ದು ಬರುತ್ತದೆ. ಒಂದೇ ಕಡೆಯಿಂದ, ನಿಲ್ಲದೆ.

"ಮೂಗೆಲ್ಲ ನೆಕ್ಕಿಬಿಡ್ತು!" ಎಂದು ಅಳುತ್ತಾ ನಗುತ್ತಾ ಹೊರಬರುತ್ತಾಳೆ ನಾದಿನಿ. ಬಿಲದಕ್ಕ ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. "ಶೆಫರ್ಡ್ ಒಬ್ರನ್ನ ಹಚ್ಕೊಂಡ್ರೆ ಹಚ್ಕೊಂಡ ಹಾಗೇ. ಈ ಲ್ಯಾಬ್‌ಗೆ ಅದೆಲ್ಲ ಇಲ್ಲ. ಮನುಷ್ಯರು ಅಂದ್ರೆ ಸಾಕು, ಎಲ್ರೂ ನೆಂಟ್ರೇ. ನಿಧಾನ ಆದ್ರೂ ಇದನ್ನೇ ತಗೊಳ್ಳಿ ಸರ್" ಎನ್ನುತ್ತಾರೆ. ಸಾಹೇಬರು ಆಯ್ಕೆಯ ಕಾಗದದ ಮೇಲೆ ಲ್ಯಾಬ್ ಎಂದು ಬರೆದುಕೊಳ್ಳುತ್ತಾರೆ. ಪೆನ್ನು ನಿಲ್ಲಿಸಿ ಕೇಳುತ್ತಾರೆ, "ಇನ್ಮೇಲೆ ದಿನಾ ಹೊಸಬರು ಮಲಗ್ಬೇಕು ಅಂತೀಯ. ಹಾಗಾದ್ರೆ ನಿಂಗೇನಮ್ಮ ಕೆಲಸ?"

"ಗೂಡು ತೊಳೀತೀನಿ. ಬರೋರಿಗೆ ಹೇಗೆ ಮಲಗ್ಬೇಕು ಅಂತ ಹೇಳ್ಕೊಡ್ತೀನಿ. ಬೇಡ ಅಂದ್ರೆ ಮನೇಲಿರ್ತೀನಿ."

ಗೂಡಿನ ಕೆಲಸಕ್ಕೆ ಬಾ ಎಂದೂ, ಬೇಡ ಎಂದೂ ಇದುವರೆಗೆ ಯಾರೂ ಹೇಳಿಲ್ಲ. ಶೆಫರ್ಡ್‌ಗೆ ಮೊದಲಿಂದ ಕಲಿಸಿ ನೋಡೋಣ ಎಂದು ಮೇಷ್ಟ್ರು ಹೇಳಿದ್ದಾರೆ. ಅಷ್ಟು ದಿನ ಬಿಲದಕ್ಕ ಅದರ ಕಣ್ಣಿಗೆ ಬೀಳುವಂತಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಶೆಫರ್ಡ್‌ನ ಗೂಡಿನ ಕಡೆ ಕೈ ತೋರಿಸುತ್ತಾರೆ. "ಅದು ನನ್ನ ಮರೀಬೇಕು. ಒಂದಿನ ನಾನು ಇಲ್ಲೇ ನಿಂತಿರ್ಬೇಕು, ಅದು ನನ್ನ ಕಡೆ ನೋಡ್ದೆ ಹಾದು ಹೋಗಿ, ಒಳಗಿರೋ ಯಾರನ್ನೋ ಹುಡುಕ್ಬೇಕು" ಎನ್ನುತ್ತಾರೆ. ಮತ್ತೆ ಸೇರಿಸುತ್ತಾರೆ, "ಆವತ್ತು ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಿದ್ದೆ ಬರುತ್ತೆ."