ಅಕ್ಕ ಕೊಟ್ಟ ಮರ್ಯಾದೆ

ಅಕ್ಕ ನನ್ನನ್ನು ಕೊನೆಯ ಸಲ ಬೈದ ದಿನ ಮೇಲೂರಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ನಾನು ಶಿಡ್ಲಘಟ್ಟದಿಂದ ಅವರೆಕಾಯಿ ತಂದಿದ್ದೆ. ಒಂದು ಕಾಯಿ ಮೂಸಿ, "ಲೋ, ಸೊಗಡೇ ಇಲ್ವಲ್ಲೋ. ಮೂಗು ಮನೇಲಿ ಬಿಟ್ಟು ಹೋಗಿದ್ಯಾ?" ಎಂದಳು. ನನಗಾಗ ಅರವತ್ತೊಂದು, ಅವಳಿಗೆ ಎಪ್ಪತ್ತನಾಲ್ಕು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಭಾವ ತೀರಿಕೊಂಡಂದಿನಿಂದ ನಮ್ಮಲ್ಲೇ ಇದ್ದಳು.

ಮರುದಿನ ನಾನು ಹೊರಗಿನಿಂದ ಬಂದಾಗ ಸೆರಗು ಸರಿಮಾಡಿಕೊಂಡು ಎದ್ದುನಿಂತಳು. "ಬನ್ನಿ, ಕೂತ್ಕೊಳ್ಳಿ. ಮನೇಲಿ ಎಲ್ಲಾ ಚೆನ್ನಾಗಿದಾರಾ?"

"ಚೆನ್ನಾಗಿದಾರೆ" ಎಂದೆ, ಗತ್ತಿನಿಂದ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ನೀವೇ ಹೇಳಿ, ನಿವೃತ್ತಿಯಾದ ಗುಮಾಸ್ತನಿಗೆ ಬಹುವಚನ ಯಾರು ಕೊಡುತ್ತಾರೆ? ಕೊನೆಗೂ ಅಕ್ಕನಿಗೆ ನಾನು ದೊಡ್ಡವನಾಗಿ ಕಂಡೆ ಅಂದುಕೊಂಡೆ. ಮನೆಯಲ್ಲೂ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದೆ.

"ನನಗ್ಯಾಕೋ ಇದು ಸರಿ ಕಾಣ್ತಿಲ್ಲ ರೀ" ಎಂದಳು ಹೆಂಡತಿ.

"ನಿನಗೆ ಹೊಟ್ಟೆಕಿಚ್ಚು ಕಣೇ" ಎಂದೆ. ಹೀಗೆ ಏಳು ತಿಂಗಳು ಮೆರೆದೆ.

ಆಮೇಲೆ ಅಕ್ಕನನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಹೆಂಡತಿಯ ಕಾಟಕ್ಕೆ. ಬೀಗದ ಕೈ ಹುಡುಕುತ್ತಾಳೆ, ಅಕ್ಕಪಕ್ಕದವರ ಹೆಸರು ತಡೆದು ಹೇಳುತ್ತಾಳೆ ಎಂದೆ. "ಇಷ್ಟೇ ಆದ್ರೆ ವಯಸ್ಸಿಗೂ ಆಗುತ್ತೆ" ಎಂದರು ಡಾಕ್ಟರು. ಸಮಾಧಾನವಾಗಿ ಏಳುತ್ತಾ, "ಒಂದು ವಿಷಯದಲ್ಲಿ ಸುಧಾರಿಸಿದಾಳೆ ಸಾರ್, ಈಗ ನನಗೆ ಬಹಳ ಮರ್ಯಾದೆ ಕೊಡ್ತಾಳೆ" ಎಂದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಿ, ಇವರು ಯಾರು?"

ಅಕ್ಕ ನನ್ನನ್ನು ಆದರದಿಂದ ನೋಡಿದಳು. "ದೊಡ್ಡ ಮನುಷ್ಯರು. ಪಾಪ, ದಿನಾ ಬಂದು ಹೋಗ್ತಾರೆ."

ಹೆಸರು ಮರೆಯುವುದು ಒಂದು, ಒಡಹುಟ್ಟಿದವನನ್ನು ನೆಂಟನೆಂದುಕೊಳ್ಳುವುದು ಇನ್ನೊಂದು ಎಂದು ಡಾಕ್ಟರು ನಿಧಾನವಾಗಿ ತಿಳಿಸಿದರು. ಇದು ಬರೀ ವಯಸ್ಸಲ್ಲ, ಮಿದುಳಿನ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಬೇಕು, ಬೇಗ ಬರಬೇಕಿತ್ತು ಎಂದರು. ಪರೀಕ್ಷೆಗಳೂ ಅದನ್ನೇ ಹೇಳಿದವು. ನಾನು ಇಸ್ತ್ರಿ ಅಂಗಿಯಲ್ಲಿ ಬೆವೆತೆ.

ಅಂದಿನಿಂದ ಮರ್ಯಾದೆ ಕಳೆದುಕೊಳ್ಳಲು ಏನೆಲ್ಲ ಮಾಡಿದೆ. ಹರಿದ ಬನಿಯನ್ ಹಾಕಿ, ಟವಲು ಸುತ್ತಿಕೊಂಡು ಎದುರು ನಿಂತೆ. "ಬನ್ನಿ" ಎಂದಳು. ಬೇಕೆಂದೇ ಕಾಫಿ ಚೆಲ್ಲಿದೆ. "ಇರ್ಲಿ ಬಿಡಿ, ನಮ್ಮ ಹುಡುಗರು ಒರೆಸ್ತಾರೆ" ಎಂದಳು. ಒರೆಸಿದವನು ನಾನೇ. ಹಾಸಿಗೆ ಹಿಡಿದ ಮೇಲೂ ನನ್ನನ್ನು ಕಂಡರೆ ಏಳಲು ಒದ್ದಾಡುತ್ತಿದ್ದಳು. ಅವಳಿಗೆ ಆಯಾಸವಾಗದಿರಲಿ ಎಂದು ನಾನು ಬಗ್ಗಿಕೊಂಡು, ಮಂಚದ ಕಾಲಿನ ಕಡೆಯಿಂದ ಕಳ್ಳನಂತೆ ಹೋಗಿ ನೆಲದ ಮೇಲೆ ಕೂರುತ್ತಿದ್ದೆ.

ಅವಳು ಹೋಗಿ ಈಗ ಎಂಟು ತಿಂಗಳು. ಬೈಗುಳವಿಲ್ಲದ್ದು ಅಭ್ಯಾಸವಾಗಿದೆ. ಆದರೆ ನನ್ನನ್ನು ಯಾರೆಂದುಕೊಂಡು ಅಷ್ಟು ಪ್ರೀತಿಯಿಂದ ಕಾಯುತ್ತಿದ್ದಳೋ, ಅದನ್ನು ಕೇಳಲೇ ಇಲ್ಲ. ಆ ಹೆಸರು ನನಗೆ ಇನ್ನೂ ಗೊತ್ತಿಲ್ಲ.