ಇನ್ನೊಬ್ಬಳ ಕೋವಿಗೆ ನನ್ನ ಅಳತೆ

ಗಲ್ಫಿನ ರುಸೈಲ್‌ನ ಕಾರ್ಖಾನೆಯೊಂದರಲ್ಲಿ ಮ್ಯಾನೇಜರರ ಸೆಕ್ರೆಟರಿಯಾಗಿ ಅದು ನನ್ನ ಎರಡನೆಯ ವರ್ಷ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಫೀಸಿನ ಟೆಲೆಕ್ಸ್ ಮೂಲೆಗೆ ಸರಿದು ಫ್ಯಾಕ್ಸ್ ಬಂದಿತ್ತು. ಒಂದು ಬೆಳಿಗ್ಗೆ ಮ್ಯಾನೇಜರರು ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ, "ನೀವು ನನ್ನ ಹೆಂಡತಿಯಷ್ಟೇ ಎತ್ತರ, ಅಲ್ಲವೇ?" ಎಂದು ಕೇಳಿದರು.

ನನ್ನ ಎತ್ತರ ನಾಲ್ಕಡಿ ಹತ್ತಿಂಚು. ಆಫೀಸಿನ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೌದು ಸರ್ ಎಂದೆ. ಆ ತಿಂಗಳು ನನ್ನ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು, ಯಾವ ಪ್ರಶ್ನೆಯೂ ನನಗೆ ಸರಳವಾಗಿ ಕೇಳಿಸುತ್ತಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಕೋವಿಯ ಅಳತೆ. ಅವರು ಸ್ಕಾಟ್ಲೆಂಡಿನವರು, ಆರಡಿ ಮೀರಿದ ಆಳು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶಾಲೆಯೊಂದರಲ್ಲಿ ಅವರ ಹೆಂಡತಿ ಟೀಚರ್. ಆಕೆಯ ತಂದೆ ಸ್ಕಾಟ್ಲೆಂಡಿನ ತಮ್ಮ ಊರಿನ ಗುಡ್ಡದಲ್ಲಿ ಎಳೆ ಗಿಡಗಳನ್ನು ಬೆಳೆಸಿದ್ದರು. ಜಿಂಕೆಗಳು ಚಿಗುರು ತಿಂದು ತೊಗಟೆ ಸುಲಿಯುತ್ತಿದ್ದವು. ಅಲ್ಲಿ ವರ್ಷಕ್ಕಿಷ್ಟು ಜಿಂಕೆ ಹೊಡೆಯುವುದು ಕಾನೂನಿನ ಪ್ರಕಾರವೇ ನಡೆಯುವ ಕೆಲಸ. ಮುದುಕರಿಗೆ ಮಂಡಿ ಹಿಡಿದ ಮೇಲೆ ಆ ಕೆಲಸವನ್ನು ಮಗಳಿಗೆ ಒಪ್ಪಿಸಿದ್ದರು. ಪರವಾನಗಿಯೂ ಆಗಿತ್ತು. ಆದರೆ ಹಿಂದಿನ ರಜೆಯಲ್ಲಿ ತಂದೆಯ ಕೋವಿ ಹಿಡಿದು ಅಭ್ಯಾಸಕ್ಕೆ ಹೋದಾಕೆ ಒಂದು ಗುಂಡನ್ನೂ ಗುರಿಗೆ ತಾಗಿಸದೆ, ಭುಜ ನೀಲಿಗಟ್ಟಿಸಿಕೊಂಡು ಬಂದಿದ್ದರಂತೆ. ಈಗ ಗಂಡ ಆಕೆಗೆ ತಿಳಿಯದ ಹಾಗೆ ಹೊಸ ರೈಫಲ್ ತರಿಸಿ, ಮುಂದಿನ ರಜೆಯಲ್ಲಿ ಕೈಗಿಡಬೇಕೆಂದಿದ್ದರು.

ಟೇಪು ಹಿಡಿದು ನಿಂತ ಅವರಿಗೆ, "ನಾನೇ ಮನೆಯಲ್ಲಿ ಅಳೆದು ತರುತ್ತೇನೆ ಸರ್" ಎಂದೆ.

ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಮೊಣಕೈ ಮಡಚಿ ಗಂಡನ ಮುಂದೆ ನಿಂತೆ. ಮೊಣಕೈಯ ಮಡಿಕೆಯಿಂದ ಕೋವಿಯ ಕುದುರೆ, ಅಂದರೆ ಟ್ರಿಗರು, ಎಳೆಯುವ ಬೆರಳಿನ ಗಿಣ್ಣಿನವರೆಗೆ ಅಳೆಯಬೇಕಿತ್ತು.

"ಎಂತ ಮಾರಾಯ್ತಿ ಇದು! ನಿನ್ನನ್ನು ಇಟ್ಟುಕೊಂಡದ್ದು ಟೈಪ್ ಮಾಡ್ಲಿಕ್ಕಾ, ಕೋವಿ ಅಳೀಲಿಕ್ಕಾ?" ಎಂದು ಗೊಣಗಿಕೊಂಡೇ ಅವರು ಟೇಪು ಎಳೆದರು. ಹನ್ನೆರಡು ಇಂಚಿಗೆ ಸ್ವಲ್ಪ ಹೆಚ್ಚು ಬಂತು.

ಅಳತೆ ಹೊತ್ತ ಫ್ಯಾಕ್ಸ್ ಸ್ಕಾಟ್ಲೆಂಡಿನ ಕೋವಿ ಅಂಗಡಿಗೆ ಹೋಯಿತು. ಎರಡು ದಿನದಲ್ಲಿ ಬಂದ ಉತ್ತರವನ್ನು ನಾನೇ ಹರಿದು ತೆಗೆದು ಓದಿದೆ. ಅಂಗಡಿಯವರು ಬಿಡಿಸಿ ಬರೆದಿದ್ದರು. ಸಣ್ಣ ಮೈಯವರಿಗೆ ದೊಡ್ಡ ತೋಟೆಯ ಕೋವಿ ಬೇಡ, ಟೂ ಫಾರ್ಟಿ ತ್ರೀ ಎಂಬ ಸಣ್ಣ ತೋಟೆಯದು ಸಾಕು, ಆ ಗುಡ್ಡದ ಸಣ್ಣ ಜಿಂಕೆಗೆ ಅದು ಧಾರಾಳ. ಕೋವಿ ಭುಜಕ್ಕೆ ಕೊಡುವ ಒದೆತಕ್ಕೆ ಒಮ್ಮೆ ಹೆದರಿದವರು ಆಮೇಲೆ ಗುಂಡು ಹಾರುವ ಮೊದಲೇ ಕಣ್ಣು ಮುಚ್ಚುತ್ತಾರೆ. ಭುಜಕ್ಕೆ ಕೊಡುವ ಮರದ ಭಾಗವನ್ನು ಇಂಚಿನಷ್ಟು ಕತ್ತರಿಸಬೇಕು. ಕೋವಿ ಹಗುರವಿರಬೇಕು, ಆದರೆ ತೀರ ಹಗುರವಾದರೆ ಒದೆತ ಹೆಚ್ಚು. ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ಸಣ್ಣ ಸ್ಕೋಪು ಸಾಕು. ಅದನ್ನು ಸ್ವಲ್ಪ ಮುಂದಕ್ಕೆ ಕೂರಿಸಬೇಕು, ಇಲ್ಲವಾದರೆ ಗಿಡ್ಡ ಕೋವಿಯಲ್ಲಿ ಕಣ್ಣು ಹತ್ತಿರವಾಗಿ ಹುಬ್ಬಿಗೆ ಪೆಟ್ಟು ಬೀಳುತ್ತದೆ. ಕೊನೆಗೊಂದು ಪ್ರಶ್ನೆ: ಆಕೆಯದು ಯಾವ ಕಣ್ಣು ಬಲವಾದದ್ದು? ಕೋವಿಯನ್ನು ಆ ಕಣ್ಣಿನ ಕಡೆಯ ಭುಜಕ್ಕೇ ಇಡಬೇಕು, ಇಲ್ಲವಾದರೆ ಗುರಿ ತಪ್ಪುತ್ತದೆ. ಪರೀಕ್ಷಿಸುವ ಬಗೆಯನ್ನೂ ಕೆಳಗೆ ಬರೆದಿದ್ದರು.

ಮ್ಯಾನೇಜರರು ಓದಿ ಬೇಡವೆಂಬಂತೆ ತಲೆಯಾಡಿಸಿದರು. "ಟೂ ಫಾರ್ಟಿ ತ್ರೀ ಮಕ್ಕಳ ಆಟಿಕೆ. ದೊಡ್ಡದು, ತ್ರೀ ನಾಟ್ ಏಟ್ ಎಂದು ಬರೆಯಿರಿ. ಸ್ಕೋಪು ದೊಡ್ಡದೇ ಇರಲಿ. ಅಭ್ಯಾಸವಾಗುತ್ತದೆ."

"ಕಣ್ಣು, ಸರ್?"

"ಅವಳು ಬಲಗೈಯವಳು. ಬಲಗಣ್ಣು ಎಂದು ಹಾಕಿ."

ಟೈಪ್ ಮಾಡಿದೆ, ಅವರು ಸಹಿ ಮಾಡಿದರು. ಬುಧವಾರ ಮಧ್ಯಾಹ್ನ ಫ್ಯಾಕ್ಸ್ ಯಂತ್ರದ ಮುಂದೆ ಆ ಕಾಗದ ಹಿಡಿದು ನಿಂತವಳು, ಕಳಿಸದೆ ನನ್ನ ಡ್ರಾಯರಿನೊಳಗೆ ಇಟ್ಟುಬಿಟ್ಟೆ. ಹಿಂದಿನ ದಿನ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಆ ಪರೀಕ್ಷೆಯನ್ನು ನನ್ನ ಮೇಲೆಯೇ ಮಾಡಿಕೊಂಡಿದ್ದೆ. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಬಿಟ್ಟು, ವಿದ್ಯುತ್ ಸ್ಥಾವರದ ಚಿಮಣಿಯನ್ನು ನೋಡಿದ್ದೆ. ಎಡಗಣ್ಣು ಮುಚ್ಚಿದರೆ ಚಿಮಣಿ ಮಾಯ, ಬಲಗಣ್ಣು ಮುಚ್ಚಿದರೆ ಇದ್ದಲ್ಲೇ ಇತ್ತು. ಬಲಗೈಯವಳಾದ ನನ್ನದು ಎಡಗಣ್ಣು. ಆಕೆಯದೂ ಹಾಗೇ ಇದ್ದರೆ?

ಮನೆಯಲ್ಲಿ ಹೇಳಿದಾಗ ಗಂಡ ಕೈಯಲ್ಲಿದ್ದ ಪೇಪರು ಕೆಳಗಿಟ್ಟರು. "ಸಹಿ ಆದ ಕಾಗದವಾ? ಕಳಿಸ್ಲಿಲ್ವಾ? ನಾಳೆ ಗೊತ್ತಾದ್ರೆ ವೀಸಾ ಕ್ಯಾನ್ಸಲ್, ಖಲಾಸ್! ಅವರ ಹೆಂಡತಿ, ಅವರ ಕೋವಿ. ನಿಂಗೆಂತ ಆಗ್ಬೇಕು?"

"ಅಳತೆ ನಂದಲ್ವಾ ಹೋದದ್ದು?" ಎಂದೆ. ಅದು ಉತ್ತರವಲ್ಲವೆಂದು ನನಗೂ ಗೊತ್ತಿತ್ತು.

ಗುರುವಾರ ಆಫೀಸು ಅರ್ಧ ದಿನ, ಅಷ್ಟೂ ಹೊತ್ತು ಡ್ರಾಯರು ಎಳೆಯುವುದು, ಮುಚ್ಚುವುದು ಇದೇ ಆಯಿತು. "ಹೋಯಿತೇ?" ಎಂದು ಅವರು ಕೇಳಿದ್ದರೆ ಹೋಯಿತು ಎಂದು ಸುಳ್ಳು ಹೇಳಿಬಿಡುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ವಾರದ ರಜೆಯ ಶುಕ್ರವಾರ ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದ ಹೊತ್ತು ನೋಡಿ ಆಕೆಗೆ ಫೋನ್ ಮಾಡಿದೆ. ಕೋವಿ ಎಂಬ ಮಾತು ಬಾಯಿಗೆ ಬಂದ ಕೂಡಲೇ ಆಕೆ, "ಮನೆಯ ಗುರುತು ಹೇಳಿ, ಬರುತ್ತೇನೆ" ಎಂದರು.

ಅರ್ಧ ಗಂಟೆಯಲ್ಲಿ ಬಂದರು. ನಿಜಕ್ಕೂ ನನ್ನಷ್ಟೇ ಎತ್ತರ, ನನಗಿಂತ ತೆಳು. ನಡೆದದ್ದನ್ನೆಲ್ಲ ಹೇಳಿ ಅದೇ ಕಿಟಕಿಯ ಮುಂದೆ ನಿಲ್ಲಿಸಿದೆ. ಆಕೆ ಕಿಂಡಿಯಲ್ಲಿ ಚಿಮಣಿ ಹಿಡಿದು ಎಡಗಣ್ಣು ಮುಚ್ಚಿದರು. ತೆರೆದರು. ಮತ್ತೆ ಮುಚ್ಚಿದರು.

"ಇಲ್ಲ. ಕಾಣಿಸುತ್ತಿಲ್ಲ."

ಕುರ್ಚಿ ಎಳೆದು ಕೂತುಬಿಟ್ಟರು. "ಹಾಗಾದರೆ ನನ್ನ ಕೈ ನಡುಗಿದ್ದಲ್ಲ. ಅಪ್ಪನೂ ಇವರೂ ಇಡೀ ರಜೆ, ನಿನಗೆ ಧೈರ್ಯ ಸಾಲದು ಎಂದರು. ನಾನೂ ನಂಬಿದೆ." ಕಣ್ಣು ಒರೆಸಿಕೊಂಡು ಎದ್ದು, ಮೂಲೆಯಲ್ಲಿದ್ದ ಪೊರಕೆಯ ಕೋಲನ್ನು ಎಡಭುಜಕ್ಕೆ ಇಟ್ಟುಕೊಂಡರು. ಕತ್ತು ಸೊಟ್ಟಗಾಗದೆ ನೆಟ್ಟಗೆ ನಿಂತಿತು. ಸ್ನಾನ ಮುಗಿಸಿ ಬಂದ ನನ್ನ ಗಂಡ ತಲೆ ಒರೆಸುವುದನ್ನೂ ಮರೆತು ನೋಡುತ್ತ ನಿಂತರು.

ಅಂಗಡಿಯವರು ಬರೆದದ್ದೆಲ್ಲ ನನಗೆ ಬಾಯಿಗೆ ಬರುತ್ತಿತ್ತು, ಒಪ್ಪಿಸಿದೆ. "ಆ ಸಣ್ಣದೇ ಸಾಕು, ಎಡಗೈಯವರದ್ದು" ಎಂದರು ಆಕೆ. "ಅವರಿಗೆ ಇವತ್ತೇ ಹೇಳುತ್ತೇನೆ. ನಾಳೆ ನಿಮಗೆ ಕಷ್ಟವಾಗಬಹುದು."

ಆ ಶುಕ್ರವಾರ ಯಾಕೆ ಅಷ್ಟು ಉದ್ದವಾಯಿತೋ. ಗಂಡನೂ ನಾನೂ ಕಾರಿನಲ್ಲಿ ಸಮುದ್ರದ ಕಡೆ ಹೋಗಿ, ಇಳಿಯದೆ ಹಿಂದಿರುಗಿದೆವು.

ಶನಿವಾರ ಮ್ಯಾನೇಜರರು ಕರೆದು ಬಾಗಿಲು ಹಾಕಿಸಿದರು. "ಕಾಗದ ಎಲ್ಲಿ?"

ತಂದು ಮೇಜಿನ ಮೇಲಿಟ್ಟೆ. ಅವರ ಕಿವಿ ಕೆಂಪಾಗಿತ್ತು. "ಸರಿಯಿಲ್ಲ ಅನಿಸಿದ್ದರೆ ನನಗೆ ಹೇಳಬೇಕಿತ್ತು. ಬಚ್ಚಿಡಬಾರದಿತ್ತು."

"ತಪ್ಪಾಯಿತು ಸರ್. ಆದರೆ ಹೇಳಿದ್ದರೆ ನೀವು ಕೇಳುತ್ತಿರಲಿಲ್ಲ."

ಅವರು ಆ ಕಾಗದ ಹರಿದು, ಹೊಸದನ್ನು ತಮ್ಮ ಕೈಯಲ್ಲೇ ಬರೆದರು. ಹೆಂಡತಿ ಹೇಳಿದ್ದಷ್ಟೇ ಅದರಲ್ಲಿತ್ತು. ಫ್ಯಾಕ್ಸನ್ನೂ ತಾವೇ ಮಾಡಿದರು. ಮೂರು ವಾರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ತಿಂಗಳ ಕೊನೆಯಲ್ಲಿ ನನ್ನ ಕಾಂಟ್ರಾಕ್ಟು ಎರಡು ವರ್ಷಕ್ಕೆ ನವೀಕರಣವಾಗಿ ಬಂತು. ಸಹಿ ಅವರದೇ. ಕೊಡುವಾಗ ಮುಖ ನೋಡಲಿಲ್ಲ.

ಡಿಸೆಂಬರ್ ರಜೆಗೆ ಆಕೆ ಒಬ್ಬರೇ ಊರಿಗೆ ಹೋದರು. ಜನವರಿಯಲ್ಲಿ ಆಫೀಸಿನ ವಿಳಾಸಕ್ಕೆ ನನ್ನ ಹೆಸರಿಗೇ ಕಾಗದ ಬಂತು. ಆಕೆ ಬರೆದಿದ್ದರು: ಕೋವಿ ಭುಜಕ್ಕೆ ಚೆನ್ನಾಗಿ ಕೂರುತ್ತದೆ, ಒದೆತ ಗೊತ್ತೇ ಆಗುವುದಿಲ್ಲ. ಎರಡು ಬೆಳಿಗ್ಗೆ ಗುರಿ ಹಿಡಿದೂ ಹೊಡೆಯದೆ ಬಂದೆ. ಮೂರನೆಯ ಬೆಳಿಗ್ಗೆ ಹೊಡೆದೆ, ಒಂದೇ ಗುಂಡು, ಜಿಂಕೆ ನಿಂತಲ್ಲೇ ಬಿತ್ತು. ಆಮೇಲೆ ಬಹಳ ಹೊತ್ತು ನನಗೆ ಏಳಲಾಗಲಿಲ್ಲ, ಅಪ್ಪ ಕುಂಟುತ್ತ ಬಂದು ಪಕ್ಕದಲ್ಲಿ ಕೂತರು. ಇದನ್ನು ನನ್ನ ಗಂಡನಿಗೂ ಬರೆದಿಲ್ಲ.

ಓದುತ್ತ ನನ್ನ ಬಲಗೈಯ ತೋರುಬೆರಳು ತಣ್ಣಗಾಗಿತ್ತು. ಅಷ್ಟರಲ್ಲಿ ಮ್ಯಾನೇಜರರು ಹೊರಬಂದು, ಲಕೋಟೆಯ ಮೇಲಿನ ಅಕ್ಷರದ ಗುರುತು ಹಿಡಿದು ನಿಂತರು.

"ಏನು ಬರೆದಿದ್ದಾಳೆ?"

"ಕೋವಿ ಸರಿಯಾಗಿದೆಯಂತೆ ಸರ್" ಎಂದು ಹೇಳಿ ಕಾಗದ ಮಡಚಿದೆ.