ಕೊಲ್ಲಾಪುರದ ಮೈದಾನಕ್ಕೊಂದು ಸುತ್ತು

ಆಡಿ ಸೋತವನಿಗೆ ನಾಚಿಕೆಯಿಲ್ಲ ಎಂದು ನಾನು ಇಂದಿಗೂ ಹೇಳುತ್ತೇನೆ. ಆಡುವ ಮೊದಲೇ ‘ನಿನ್ನ ಜಾಗ ಇಷ್ಟೇ’ ಎಂದು ಕುರ್ಚಿಯಲ್ಲಿ ಕೂತವರು ತೀರ್ಮಾನಿಸಿದಾಗ ಹ್ಞೂಂ ಅನ್ನುವವನಿಗೆ ನಾಚಿಕೆಯಾಗಬೇಕು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಗಡಹಿಂಗ್ಲಜದ ಕಾಲೇಜಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್. ನಮ್ಮ ಊರು ನೂಲ. ಮನೆಯಲ್ಲಿ ಕುರಿ, ತುಸು ಹೊಲ, ಮಾತು ಕನ್ನಡ. ಕಾಲೇಜಿನಲ್ಲಿ ಪಾಠ ಮರಾಠಿ, ಬೈಗುಳ ಎರಡರಲ್ಲೂ. “ಕುರಿ ಹಿಂದ ಓಡಂದ್ರ ಕಾಲು ನೋಯ್ತಾವ ನಿನಗ, ಬಾಲಿನ ಹಿಂದ ಓಡಾಕ ನೋಯಂಗಿಲ್ಲ!” ಎಂದು ಅವ್ವ ದಿನಾ ಬೈಯುತ್ತಿದ್ದಳು. ಬೈದು ಮುಗಿಸಿ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿ ಕೊಡುತ್ತಿದ್ದಳು.

ಆ ವರ್ಷ ಕಾಲೇಜುಗಳ ಪಂದ್ಯಾವಳಿಯ ನಿಯಮ ಗೊತ್ತುಮಾಡಲು ಕೊಲ್ಲಾಪುರದಲ್ಲಿ ಸಭೆ ಕರೆದರು. ಪ್ರತಿ ಕಾಲೇಜಿನಿಂದ ಒಬ್ಬ ಕ್ರೀಡಾ ಅಧ್ಯಾಪಕರು, ಒಬ್ಬ ಕ್ಯಾಪ್ಟನ್. ಚಹಾ ಬಂತು, ಭಡಂಗ್ ಚುರುಮುರಿ ಬಂತು, ಆಮೇಲೆ ಅಧ್ಯಕ್ಷರ ಯೋಜನೆ ಬಂತು. ಪೇಟೆಯ ಎರಡು ಕಾಲೇಜುಗಳು ನೇರವಾಗಿ ಸೆಮಿಫೈನಲ್‌ಗೆ. ಹೊರಗಿನ ನಾವು ನಾಲ್ಕು ತಂಡಗಳು ಶನಿವಾರ ನಮ್ಮನಮ್ಮಲ್ಲೇ ಬಡಿದಾಡಬೇಕು, ಗೆದ್ದವರು ಎಸ್‌ಟಿ ಬಸ್ಸು ಹಿಡಿದು ಬಂದು ರವಿವಾರ ಬೆಳಿಗ್ಗೆ ಪೇಟೆಯವರ ಮುಂದೆ ನಿಲ್ಲಬೇಕು.

ನಾನು ಎದ್ದು ನಿಂತೆ. ನನ್ನ ಮರಾಠಿಗೆ ಕನ್ನಡದ ವಾಸನೆ ಇತ್ತು, ಇರಲಿ. “ಅವರು ಮನೆಯಲ್ಲಿ ಮಲಗೆದ್ದು ಬರುತ್ತಾರೆ, ನಾವು ಒಂದು ಪಂದ್ಯ ಆಡಿ ಕಾಲು ಎಳೆಯುತ್ತಾ ಬರುತ್ತೇವೆ. ಇದೆಂಥ ಲೆಕ್ಕ? ಎಲ್ಲ ಹೆಸರನ್ನೂ ಒಂದು ತಂಬಿಗೆಯಲ್ಲಿ ಹಾಕಿ ಚೀಟಿ ಎತ್ತಿರಿ” ಎಂದೆ.

ಪೇಟೆಯ ತಂಡಗಳೆರಡು ಮೊದಲೇ ಎದುರುಬದುರಾದರೆ ಫೈನಲ್ ನೋಡಲು ಯಾರು ಬರುತ್ತಾರೆ ಎಂದು ಒಬ್ಬರು ಕೇಳಿದರು.

“ಹಾಗಾದರೆ ಅವರಿಬ್ಬರೇ ಆಡಲಿ. ನಮ್ಮನ್ನು ಯಾಕೆ ಕರೆಸಿದಿರಿ, ಚುರುಮುರಿ ತಿನ್ನಲಿಕ್ಕೆ?”

“ಬಸ್ ರೇ ಖಾಲಿ!” ಎಂದು ಅಧ್ಯಕ್ಷರು ಗದರಿದರು. ಕೂತುಕೋ ಎಂದರ್ಥ. ಜೋಳದ ರೊಟ್ಟಿ ತಿಂದು ಬೆಳೆದ ಹುಡುಗರಿಗೆ ಎಂಥ ದಣಿವು ಎಂದು ನಕ್ಕರು. ಉಳಿದವರೂ ನಕ್ಕರು. ನನ್ನ ಪಕ್ಕದಲ್ಲಿದ್ದ ನಮ್ಮ ಅಧ್ಯಾಪಕರು ಅಂಗಿ ಹಿಡಿದು ಜಗ್ಗಿದರು. ಅವರು ವ್ಯಾಪಾರಸ್ಥರ ಮನೆತನದವರು, ಯಾರನ್ನೂ ಎದುರು ಹಾಕಿಕೊಂಡವರಲ್ಲ. “ಬಿಡಪಾ, ಮುಂದಿನ ವರ್ಷನೂ ನಾವು ಇಲ್ಲೇ ಬರಾವ್ರು” ಎಂದು ಪಿಸುಗುಟ್ಟಿ ಸಹಿ ಹಾಕಿದರು. ನಾನು ಕೂರಲಿಲ್ಲ. ಸಭೆ ಮುಗಿಯುವವರೆಗೂ ನಿಂತೇ ಇದ್ದೆ. ಯಾರೂ ಅದನ್ನು ಗಮನಿಸಲಿಲ್ಲ ಎನ್ನುವುದು ಬೇರೆ ಮಾತು.

ಶನಿವಾರ ನಮಗೆ ಎದುರಾಳಿ ಇಚಲಕರಂಜಿ, ಅವರದೇ ಊರಿನಲ್ಲಿ. ಮಗ್ಗಗಳ ಸದ್ದು ಮೈದಾನದವರೆಗೂ ಕೇಳುತ್ತಿತ್ತು. ಅವರ ಕ್ಯಾಪ್ಟನ್ ನೇಕಾರರ ಮನೆಯವನು, ಮನೆಮಾತು ಕನ್ನಡ. ಆಟದಲ್ಲಿ ನನ್ನ ಮೊಣಕಾಲಿಗೆ ಒದ್ದು “ಬ್ಯಾನಿ ಆತೇನೋ?” ಎಂದು ಕನ್ನಡದಲ್ಲೇ ವಿಚಾರಿಸಿದ, ಮತ್ತೆ ಒದ್ದ. ಹೊತ್ತು ಮುಳುಗುತ್ತಾ ಬಂತು. ಹೆಚ್ಚಿನ ಸಮಯವೂ ಮುಗಿಯಿತು. ಇಬ್ಬರದೂ ಒಂದೊಂದು ಗೋಲು. ಗೆದ್ದವರು ಯಾರೆಂದು ತೀರ್ಮಾನಿಸಲು ರೆಫರಿ ಕಿಸೆಯಿಂದ ನಾಣ್ಯ ತೆಗೆದರು.

ನಾನು ಅವರ ಕ್ಯಾಪ್ಟನ್ನನನ್ನು ನೋಡಿದೆ, ಅವನು ನನ್ನನ್ನು ನೋಡಿದ.

“ನಾವು ಬಾಲ್ ಒದಿಯಾಕ ಕಲ್ತೇವ್ರಿ, ರೊಕ್ಕ ಹಾರಸಾಕ ಅಲ್ಲ” ಎಂದ ಅವನು. ಇನ್ನೊಮ್ಮೆ ಆಡಿಸಿ ಎಂದು ಇಬ್ಬರೂ ಕೇಳಿದೆವು. ರೆಫರಿ ಹೋಗಿ ಕೊಲ್ಲಾಪುರಕ್ಕೆ ಟ್ರಂಕ್ ಕಾಲ್ ಮಾಡಿದರು. ಬಂದು ಹೇಳಿದ್ದಿಷ್ಟು: ದಿನವಿಲ್ಲ, ಎರಡೂ ತಂಡ ಹೊರಗೆ. ನಮ್ಮಲ್ಲಿ ಗೆದ್ದವರ ಜೊತೆ ಆಡಬೇಕಿದ್ದ ಪೇಟೆಯ ಕಾಲೇಜು ಚೆಂಡು ಮುಟ್ಟದೆ ಫೈನಲ್‌ಗೆ. ಇಪ್ಪತ್ತೆರಡು ಜನ ಸೋಲದೇ ಸೋತೆವು. ನನಗೆ ಅಳು ಬಂತು, ಸಿಟ್ಟಿನ ಅಳು.

ಬಸ್‌ಸ್ಟ್ಯಾಂಡಿನಲ್ಲಿ ಇಚಲಕರಂಜಿಯ ಕ್ಯಾಪ್ಟನ್ ನಮ್ಮನ್ನು ಕಳಿಸಲು ಬಂದಿದ್ದ. ಆಗ ನನಗೆ ಅಪ್ಪನ ನೆನಪಾಯಿತು. ಅಪ್ಪನಿಗೆ ಕುಸ್ತಿಯ ಹುಚ್ಚು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೊಲ್ಲಾಪುರದ ಕುಸ್ತಿಗಳಿಗೆ ಹೋಗುತ್ತಿದ್ದ. ಅಲ್ಲಿ ಜೋಡಿ ಸಿಗದ ಪೈಲ್ವಾನ ಮನೆಗೆ ಹೋಗುವುದಿಲ್ಲ. ಒಂದು ಕೈ ಮೇಲೆತ್ತಿ ಕಣದ ಸುತ್ತ ನಡೆಯುತ್ತಾನೆ, ನಡೆನಡೆದು ತೊಡೆ ತಟ್ಟಿ ಸಡ್ಡು ಹೊಡೆಯುತ್ತಾನೆ. ತಾಕತ್ತಿದ್ದವನು ಎದ್ದು ಬಂದು ಅವನ ಕೈ ಹಿಡಿಯಬೇಕು. ಯಾರೂ ಹಿಡಿಯದಿದ್ದರೆ ಅವಮಾನ ಸುತ್ತಿದವನಿಗಲ್ಲ, ಕೂತವರಿಗೆ. ಅದು ಆ ಊರಿನ ಕಾನೂನು. ಅದಕ್ಕೆ ಅಧ್ಯಕ್ಷರೂ ಇಲ್ಲ, ಸಹಿಯೂ ಬೇಡ.

“ಫೈನಲ್ ದಿನ ಬರ್ತೀರೇನು ಕೊಲ್ಲಾಪುರಕ್ಕ?” ಎಂದು ಕೇಳಿದೆ. ಯಾಕೆಂದು ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ನಿನಗ ಹುಚ್ಚು ಹಿಡದೈತಿ. ಎಷ್ಟು ಗಂಟೆಗೆ ಬರೂಣು?”

ಫೈನಲ್ ದಿನ ಮೈದಾನ ಕಿಕ್ಕಿರಿದಿತ್ತು. ಇನ್ನೊಂದು ಸೆಮಿಫೈನಲ್ಲನ್ನೂ ಪೇಟೆಯವರೇ ಗೆದ್ದಿದ್ದರು. ಅವರ ಎರಡು ತಂಡಗಳು ಇನ್ನೂ ಇಳಿದಿರಲಿಲ್ಲ. ನಾವು ಇಪ್ಪತ್ತೆರಡು ಜನ, ನಮ್ಮವರು ಹಸಿರು ಅಂಗಿ, ಅವರು ಬಿಳಿ, ಸುಣ್ಣದ ಗೆರೆಯ ಮೇಲೆ ಸಾಲಾಗಿ ನಡೆಯತೊಡಗಿದೆವು. ಮುಂದೆ ನಾನು, ಬಲಗೈ ಎತ್ತಿಕೊಂಡು. ಮೊದಲು ಜನ ಸುಮ್ಮನೆ ನೋಡಿದರು. ಮೂಲೆ ತಿರುಗುವಾಗ ನಾನು ತೊಡೆ ತಟ್ಟಿದೆ. ಹಿಂದಿನವರೆಲ್ಲ ತಟ್ಟಿದರು. ತಲೆಗೆ ಪಟಕಾ ಸುತ್ತಿದ ಮುದುಕನೊಬ್ಬ ಎದ್ದು ನಿಂತು ಕೂಗಿದ: “ಜೋಡ್ ಲಾವಾ!” ಇವರಿಗೆ ಜೋಡಿ ಹಚ್ಚಿರಿ!

ಅಷ್ಟೇ ಸಾಕಾಯಿತು. ಕೊಲ್ಲಾಪುರದವರಿಗೆ ಫುಟ್‌ಬಾಲ್ ನಿಯಮ ತಪ್ಪಬಹುದು, ಕುಸ್ತಿಯದು ತಪ್ಪುವುದಿಲ್ಲ. ಇಡೀ ಮೈದಾನ ‘ಜೋಡ್ ಲಾವಾ’ ಎಂದು ಗುಡುಗಿತು. ಅಧ್ಯಕ್ಷರು ಓಡಿ ಬಂದರು, ಅವರ ಹಿಂದೆ ನಮ್ಮ ಅಧ್ಯಾಪಕರು ಕೈ ಮುಗಿಯುತ್ತಾ ಬಂದರು. ಪಂದ್ಯಾವಳಿಯಿಂದ ಇವನ ಹೆಸರು ತೆಗೆಸುತ್ತೇನೆ ಎಂದು ಅಧ್ಯಕ್ಷರು ಕಿರುಚಿದರು. ನಾನು ಕೈ ಇಳಿಸಲಿಲ್ಲ. ಎರಡನೆಯ ಸುತ್ತು ಶುರು ಮಾಡಿದೆ.

ಆಗ ಆಡದೇ ಫೈನಲ್ ಸೇರಿದ್ದ ತಂಡದ ಕ್ಯಾಪ್ಟನ್ ಡೇರೆಯಿಂದ ಹೊರಗೆ ಬಂದ. ಮುಖ ಕೆಂಪಾಗಿತ್ತು. ನೇರವಾಗಿ ಬಂದು ನನ್ನ ಎತ್ತಿದ ಕೈಯನ್ನು ಹಿಡಿದ. “ಫೈನಲ್ ಮುಗಿಯಲಿ, ಇಲ್ಲೇ ಆಡುತ್ತೇವೆ” ಎಂದ ಮರಾಠಿಯಲ್ಲಿ. ಜನ ಸೀಟಿ ಹೊಡೆದರು.

ಫೈನಲ್ ಬಿರುಸಾಗಿ ನಡೆದು ನನ್ನ ಕೈ ಹಿಡಿದವನ ತಂಡದವರೇ ಗೆದ್ದರು. ಒಬ್ಬರೂ ಮನೆಗೆ ಹೋಗಲಿಲ್ಲ. ನಾವು ಎರಡೂ ಊರಿನ ಹುಡುಗರನ್ನು ಸೇರಿಸಿ ಒಂದು ತಂಡ ಕಟ್ಟಿಕೊಂಡು ಗೆರೆಯ ಬಳಿ ನಿಂತಿದ್ದೆವು. ಅವರು ಬಂದರು. ಅವರ ಗೋಲ್‌ಕೀಪರ್ ಕುಂಟುತ್ತಿದ್ದ. ಕ್ಯಾಪ್ಟನ್ನನ ತುಟಿ ಒಣಗಿ ಬೆಳ್ಳಗಾಗಿತ್ತು. ಅವನು ನಿಂತಲ್ಲೇ ಒಂದು ಕಾಲಿನ ಭಾರ ಇನ್ನೊಂದಕ್ಕೆ ಹಾಕುತ್ತಿದ್ದ.

ಇಚಲಕರಂಜಿಯವನು ನನ್ನ ಕಿವಿಯಲ್ಲಿ “ಇವತ್ತ ಹೊಡದಬಿಡೂಣು, ಸೋತು ಸುಣ್ಣ ಆಗ್ಯಾರ” ಎಂದ.

ಗೆಲ್ಲಬಹುದಿತ್ತು. ಆಸೆ ಆಗಲಿಲ್ಲ ಎಂದರೆ ಸುಳ್ಳು. ಅಧ್ಯಕ್ಷರು ಕುರ್ಚಿಯ ತುದಿಯಲ್ಲಿ ಕೂತು ನೋಡುತ್ತಿದ್ದರು. ಅವರಿಗೂ ಕೇಳಲೆಂದು ದೊಡ್ಡ ದನಿಯಲ್ಲೇ ಹೇಳಿದೆ: “ಇವರು ದಣಿದಿದ್ದಾರೆ. ದಣಿದವರನ್ನು ಸೋಲಿಸುವ ನಿಯಮ ನಿಮ್ಮದು, ನಮ್ಮದಲ್ಲ.” ಆಮೇಲೆ ಪೇಟೆಯ ಕ್ಯಾಪ್ಟನ್ನನ ಕಡೆ ತಿರುಗಿದೆ. “ಮಲಗೆದ್ದು ಬನ್ನಿ. ಮುಂದಿನ ರವಿವಾರ, ಗಡಹಿಂಗ್ಲಜಕ್ಕೆ.”

ಜನ ಕೆಲವರು ಬೈದರು, ಕೆಲವರು ಚಪ್ಪಾಳೆ ತಟ್ಟಿದರು. ಇಚಲಕರಂಜಿಯವನು ಹಣೆ ಬಡಿದುಕೊಂಡ. ಪೇಟೆಯ ಕ್ಯಾಪ್ಟನ್ ಇನ್ನೊಮ್ಮೆ ಕೈ ಕೊಟ್ಟ.

ಅವರು ಮಾತಿಗೆ ತಪ್ಪದೆ ಬಂದರು. ಶನಿವಾರ ಸಂಜೆಯೇ ಬಂದು ಉಳಿದರು. ಅವ್ವ ನೂಲದಿಂದ ಬುಟ್ಟಿ ತುಂಬ ರೊಟ್ಟಿ ಕಳಿಸಿದ್ದಳು, ಎರಡೂ ಕಡೆಯವರು ತಿಂದರು. ರವಿವಾರ ಚೆಂದಾಗಿ ನಿದ್ದೆ ಮಾಡಿ ಎದ್ದವರು ಚೆಂದಾಗಿ ನಿದ್ದೆ ಮಾಡಿ ಎದ್ದವರ ಜೊತೆ ಆಡಿದರು. ನಾವು ಒಂದು ಗೋಲಿನಿಂದ ಸೋತೆವು.

ಮರುವರ್ಷ ಸಭೆಯಲ್ಲಿ ತಂಬಿಗೆ ತಂದಿಟ್ಟು ಚೀಟಿ ಎತ್ತಿದರಂತೆ. ನಾನು ನೋಡಲಿಲ್ಲ, ನನ್ನ ಹೆಸರನ್ನು ಆ ವರ್ಷ ನಿಜವಾಗಿಯೂ ತೆಗೆದುಹಾಕಿದ್ದರು. ‘ಇಷ್ಟೆಲ್ಲ ಮಾಡಿ ನಿನಗೇನು ಸಿಕ್ಕಿತು?’ ಎಂದು ಈಗಲೂ ಕೇಳುವವರಿದ್ದಾರೆ. ಒಂದು ಸೋಲು ಸಿಕ್ಕಿತು. ಅದನ್ನು ನಾನೇ ಆಡಿ ಸೋತೆ.